ಗೋಡೆಯನ್ನೇ ಗುರುತು ಕೇಳಿದ ಸಂದೇಶ

ಆಸ್ಪತ್ರೆಯೊಂದರ ಕಂಪ್ಯೂಟರಿನ ಬಾಗಿಲಲ್ಲಿ ಫೈರ್‌ವಾಲ್ ಎಂಬ ಕಾವಲುಗೋಡೆಯಿತ್ತು. ಗೋಡೆಯೆಂದರೆ ಕಲ್ಲಿನದಲ್ಲ, ಹೊರಗಿನಿಂದ ಬರುವ ಸಂದೇಶಗಳನ್ನು ತಡೆದು ವಿಚಾರಿಸುವಂಥದ್ದು. ಒಂದು ಬೆಳಿಗ್ಗೆ ಎರಡು ಸಂದೇಶಗಳು ಒಟ್ಟಿಗೇ ಬಂದು, "ಆಪರೇಷನ್‌ಗೆ ಕಾದಿರುವ ನೀಲವ್ವನ ರಕ್ತಪರೀಕ್ಷೆಯ ವರದಿ ನಾನೇ" ಎಂದವು. ಕಳ್ಳ ಸಂದೇಶ ಒಳಹೊಕ್ಕರೆ ರೋಗಿಗಳ ಗುಟ್ಟೆಲ್ಲ ಬೀದಿಪಾಲು. ನಿಜವಾದದ್ದನ್ನು ಹೊರಗಟ್ಟಿದರೆ ನೀಲವ್ವನ ಚಿಕಿತ್ಸೆಯೇ ನಿಲ್ಲುತ್ತದೆ.

"ನೀವು ಯಾರೆಂಬುದಕ್ಕೆ ಪ್ರಮಾಣಪತ್ರ ತೋರಿಸಿ" ಎಂದಿತು ಗೋಡೆ.

"ಇಗೋ ಗೋಡೆಯಣ್ಣ!" ಎಂದು ಮೊದಲನೆಯದು ಹೊಳೆಯುವ ಪತ್ರ ಚಾಚಿತು.

"ಸಹಿ ಯಾರದು?"

"ನನ್ನದೇ! ನನ್ನನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?"

ಗೋಡೆ ನಗು ತಡೆದುಕೊಂಡು ಎರಡನೆಯದರತ್ತ ತಿರುಗಿತು. ಅದು ತನ್ನ ಪತ್ರವನ್ನು ಎದೆಗವಚಿಕೊಂಡು, "ಮೊದಲು ನಿಮ್ಮದು ತೋರಿಸಿ. ಇದು ನೀಲವ್ವನಿರುವ ಆಸ್ಪತ್ರೆಯ ಬಾಗಿಲೇ ಎಂದು ನನಗೆ ಹೇಗೆ ಗೊತ್ತಾಗಬೇಕು?" ಎಂದಿತು.

"ಎಲಾ ಇದರ ಸೊಕ್ಕೇ! ಕಾವಲುಗಾರನನ್ನೇ ಕೇಳುತ್ತದಲ್ಲ!" ಎಂದು ಮೊದಲನೆಯದು ಹಂಗಿಸಿತು.

ಗೋಡೆಗೋ ಖುಷಿಯೋ ಖುಷಿ. ತನ್ನ ಪತ್ರ ತೋರಿಸಿತು. ಆಗ ಎರಡನೆಯದೂ, ಗೋಡೆಯೂ ತಾನೂ ನಂಬುವ ಅಧಿಕಾರಿಯ ಸಹಿಯಿದ್ದ ತನ್ನ ಪತ್ರ ಬಿಚ್ಚಿತು.

"ಒಳಗೆ ಬಾ ತಾಯಿ, ನೀಲವ್ವ ಕಾಯುತ್ತಿದ್ದಾಳೆ" ಎಂದು ಗೋಡೆ ದಾರಿ ಬಿಟ್ಟು, ಮೊದಲನೆಯದಕ್ಕೆ ಹೇಳಿತು: "ನಿನಗೆ ಯಾವ ಬಾಗಿಲು ತೆರೆದರೂ ಸಾಕಿತ್ತು. ಆ ಸಂದೇಶಕ್ಕೋ ವರದಿಯನ್ನು ಸರಿಯಾದ ಜಾಗಕ್ಕೇ ತಲುಪಿಸುವುದಿತ್ತು, ಹಾಗಾಗಿಯೇ ಬಾಗಿಲು ಯಾರದೆಂದು ಕೇಳಿತು."