ಮದ್ದಿನ ಮಡಕೆ ಎತ್ತಿದವನು

“ಗುರುಗಳೇ, ಸಿಡಿಯದ ಬಾಂಬಿಗೆ ಇಷ್ಟೊಂದು ಗದ್ದಲ ಬೇಕಿತ್ತೇ?” ಎಂದು ಶಿಷ್ಯ ಕೇಳಿದ.

ಯಾವುದೋ ದೇಶದ ಸೈನ್ಯ ಅಣುಬಾಂಬುಗಳನ್ನು ಬರಿಯ ಸಾಮಾನೆಂದು ತಿಳಿದು ಸಾಗಿಸಿ, ಒಂದು ಹಗಲೆಲ್ಲ ಕಾವಲಿಲ್ಲದೆ ಬಿಟ್ಟಿತ್ತಂತೆ. ಸೈನಿಕನೊಬ್ಬ ತಾನಾಗಿಯೇ ಅದನ್ನು ಒಪ್ಪಿಕೊಂಡಿದ್ದ. ಪತ್ರಿಕೆ ಓದಿದವರಲ್ಲಿ ಕೆಲವರು ಬೈದರು, ಕೆಲವರು ನಕ್ಕರು. ಬಾಯಿಬಿಟ್ಟವನೇ ದೇಶದ ಮಾನ ಕಳೆದ ಎಂದವರೂ ಇದ್ದರು. ಶಿಷ್ಯನಿಗೂ ಹಾಗೆಯೇ ಅನ್ನಿಸಿತ್ತು.

ಗುರು ಹೇಳತೊಡಗಿದರು.

ಒಂದು ಕೋಟೆಯಲ್ಲಿ ಮದ್ದಿನ ಮನೆಯಿತ್ತು. ಸಿಡಿಮದ್ದನ್ನು ಮಡಕೆಗಳಲ್ಲಿ ತುಂಬಿಡುತ್ತಿದ್ದರು. ಖಾಲಿ ಮಡಕೆಗಳನ್ನು ತಿಂಗಳಿಗೊಮ್ಮೆ ಅರಗು ಬಳಿಸಲು ಕೆಳಗಿನ ಪೇಟೆಗೆ ಕಳಿಸುವುದು ವಾಡಿಕೆ. ಕೈಯಿಂದ ಕೈಗೆ ಹೋಗುವಾಗ ಪ್ರತಿಯೊಬ್ಬನೂ ಮಡಕೆಯನ್ನು ಎತ್ತಿ ತೂಕ ನೋಡಬೇಕೆಂಬುದು ಕೋಟೆಯ ಕಟ್ಟಳೆ. ಪ್ರತಿ ಸಲವೂ ಖಾಲಿಯೇ ಇರುತ್ತಿದ್ದುದರಿಂದ ಎತ್ತುವುದನ್ನು ಎಲ್ಲರೂ ಮರೆತಿದ್ದರು. ಒಮ್ಮೆ ಉಗ್ರಾಣದವನು ತುಂಬಿದ ಸಾಲನ್ನೇ ಬಂಡಿಗೆ ಹಾಕಿಸಿದ. ಬಾಗಿಲಿನವನು ಕೈ ಬೀಸಿ ಬಿಟ್ಟ. ಬಂಡಿಯವನು ಹಾಡು ಹೇಳಿಕೊಂಡು ಬಂದ. ಪೇಟೆಯಲ್ಲಿ ಒಬ್ಬ ಸಿಪಾಯಿ ಅದನ್ನು ವಹಿಸಿಕೊಂಡು, ಹಗಲೆಲ್ಲ ಅದಕ್ಕೇ ಒರಗಿ ಮಂಡಕ್ಕಿ ತಿಂದ. ಹತ್ತು ಹೆಜ್ಜೆ ಆಚೆ ಮಂಡಕ್ಕಿ ಹುರಿಯುವವಳ ಭಟ್ಟಿ ಧಗಧಗ ಉರಿಯುತ್ತಿತ್ತು.

ಸಂಜೆ ಅರಗಿನವನಿಗೆ ಕೊಡಲೆಂದು ಸಿಪಾಯಿ ಒಂದು ಮಡಕೆಯನ್ನು ಎತ್ತಿದ. ಭಾರಕ್ಕೆ ತೋಳು ಜಗ್ಗಿತು. ಒಳಗೆ ಮದ್ದು ತುಂಬಿತ್ತು. ಹದಿನೆಂಟು ವರ್ಷ ದುಡಿದವನಿಗೆ ಇನ್ನೆರಡು ತಿಂಗಳಲ್ಲಿ ಉಂಬಳಿಯ ಹೊಲ ಸಿಗುವುದಿತ್ತು. ಅವನ ಮೇಲಿನ ಜಮಾದಾರ ಅದನ್ನು ಕಂಡು ಓಡಿ ಬಂದು, ಗೋಣಿ ಹೊದಿಸಿ ಸದ್ದಿಲ್ಲದೆ ವಾಪಸು ಹೊಡೆಸು, ಯಾರಿಗೂ ಗೊತ್ತಾಗುವುದಿಲ್ಲ, ನಿನ್ನ ಹೊಲವೂ ಉಳಿಯುತ್ತದೆ ಎಂದು ಕಿವಿಯಲ್ಲಿ ಉಸುರಿದ. ಅವನು ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ.

ಸಿಪಾಯಿ ಮೊದಲು ಭಟ್ಟಿಗೆ ನೀರು ಸುರಿದ. ಕೂಗಿ ಕೂಗಿ ಪೇಟೆ ಖಾಲಿ ಮಾಡಿಸಿದ. ಬಂಡಿಯನ್ನು ತಾನೇ ಕೋಟೆಗೆ ಹೊಡೆದುಕೊಂಡು ಹೋಗಿ, ಕಿಲ್ಲೇದಾರನ ಮುಂದೆ ನಿಂತು, “ನಾನು ಎತ್ತಿ ನೋಡಲಿಲ್ಲ” ಎಂದ. ತನಗಿಂತ ಮುಂಚೆ ಮೂವರು ಎತ್ತಿರಲಿಲ್ಲವೆಂಬುದು ಅವನ ಬಾಯಲ್ಲಿ ಬರಲೇ ಇಲ್ಲ. ಎಂಥ ಎದೆಗಾರ ನೋಡು.

ಮರುದಿನ ಪೇಟೆಗೆ ಪೇಟೆಯೇ ಕೋಟೆಯ ಬಾಗಿಲಿಗೆ ಬಂತು. ಜವಳಿ ವರ್ತಕ ಇವನನ್ನು ಗಡೀಪಾರು ಮಾಡಿ ಎಂದ. ಇನ್ನೊಬ್ಬ, ಏನೂ ಆಗಲಿಲ್ಲವಲ್ಲ, ಮಂಡಕ್ಕಿ ಒದ್ದೆಯಾಯಿತು ಅಷ್ಟೆ ಎಂದು ನಗಿಸಿದ. ಮತ್ತೊಬ್ಬ, ಈಗ ಶತ್ರುವಿಗೂ ಸುದ್ದಿ ಹೋಯಿತು, ಇವನಿಗೆ ಬಾಯಿ ಮುಚ್ಚಿಕೊಂಡಿರಲು ಏನಾಗಿತ್ತು ಎಂದು ರೇಗಿದ. ಎಲ್ಲರೂ ದಣಿದ ಮೇಲೆ ಮಂಡಕ್ಕಿ ಹುರಿಯುವವಳು ಮುಂದೆ ಬಂದಳು.

“ಸ್ವಾಮಿ, ಮುಂದಿನ ತಿಂಗಳೂ ಬಂಡಿ ನನ್ನ ಭಟ್ಟಿ ಮುಂದೇನೇ ಬರ್ತದೆ. ಆವತ್ತೂ ಇವನನ್ನೇ ನಿಲ್ಲಿಸಿ. ಹೆಚ್ಚುಕಡಿಮೆ ಆದ್ರೆ ಇವನು ಹೇಳ್ತಾನೆ ಅನ್ನೋದು ನಂಗೆ ಗೊತ್ತು. ಉಳಿದವರದ್ದು ಗೊತ್ತಿಲ್ಲ.”

ತಪ್ಪಿಗೆ ದಂಡವೆಂದು ಕಿಲ್ಲೇದಾರ ಉಂಬಳಿಯನ್ನು ತಡೆದ. ಆದರೆ ಮದ್ದಿನ ಮನೆಯ ಬೀಗದ ಕೈಯನ್ನು ಆ ಸಿಪಾಯಿಯ ಕೈಗೇ ಕೊಟ್ಟ. ಅವನು ಬದುಕಿರುವವರೆಗೂ ಒಂದೊಂದು ಮಡಕೆಯನ್ನೂ ಎತ್ತಿ ನೋಡಿಯೇ ಹೊರಗೆ ಬಿಟ್ಟ.

ಶಿಷ್ಯ, “ಮದ್ದಂತೂ ಸಿಡಿಯಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಹೊಲವೂ ಅವನಿಗೇ ಸಿಗುತ್ತಿತ್ತು. ಹೇಳಿ ಅವನು ಗಳಿಸಿದ್ದೇನು?” ಎಂದ.

ಗುರು ಹೇಳಿದರು: “ಬಾಯಿ ಮುಚ್ಚಿಕೊಂಡ ಕೋಟೆಗಳೂ ಇದ್ದವಪ್ಪ, ಅವುಗಳ ಕತೆ ಹೇಳುವುದಕ್ಕೆ ಯಾರೂ ಉಳಿಯಲಿಲ್ಲ.”