ಕೆಂಪು ಕಲ್ಲಿನ ಮೈತುಂಬ ಕಿವಿ

ಲೋಕಕ್ಕೆ ಬಣ್ಣ ಬಳಿದು ಒಣಗಲು ಬಿಟ್ಟಿದ್ದ ಕಾಲ ಅದು. ಆಕಾಶ ಮುಟ್ಟಿದರೆ ಕೈಗೆ ನೀಲಿ ಅಂಟುತ್ತಿತ್ತು. ಪ್ರಾಣಿಗಳಿಗೆಲ್ಲ ಕಾಲು ಹಂಚಿ ಮುಗಿದ ಮೇಲೂ ಬುಟ್ಟಿಯಲ್ಲಿ ಒಂದಿಷ್ಟು ಉಳಿದಿದ್ದವಂತೆ. ಯಾರಿಗೆ ಕೊಡೋದು ಅಂತ ತಿಳಿಯದೆ ಅಷ್ಟನ್ನೂ ಏಡಿಗೇ ಹಚ್ಚಿ ಕೈ ತೊಳೆದುಕೊಂಡರು.

ಆಗ ಗುಡ್ಡಗಳು ನಡೆಯುತ್ತಿದ್ದವು. ನಗಬೇಡಿ. ಏಡಿಗೆ ಅಷ್ಟು ಕಾಲು ಕೊಟ್ಟವರು ಗುಡ್ಡಕ್ಕೆ ಎರಡು ಕೊಟ್ಟಿರಲಿಕ್ಕಿಲ್ಲವೇ?

ದೂರದ ಘಟ್ಟದಲ್ಲಿ ಗುಡ್ಡಪ್ಪ ಅಂತ ಒಬ್ಬ ಇದ್ದ. ಕಪ್ಪು ಮೈ, ನುಣ್ಣಗೆ ಉಜ್ಜಿದ ಹಾಗೆ, ಎಲ್ಲೂ ಒಂದು ಗೀರಿಲ್ಲ. ಕಿವಿಯೂ ಇಲ್ಲ. ಮೈಯಿಂದಲೇ ಕೇಳಿಸಿಕೊಳ್ಳುತ್ತಿದ್ದ, ಅದೂ ಜೋರು ಮಾತು ಮಾತ್ರ. ಹಾಗಾಗಿ ಅವನ ಹತ್ತಿರ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು.

ಅವನಿಗೆ ಒಬ್ಬಳೇ ಮಗಳು. ಹೆಸರು ಹೊಳೆ. ಆ ಘಟ್ಟದಲ್ಲಿ ಇದ್ದದ್ದೇ ಒಬ್ಬಳು, ಬೇರೆ ಹೆಸರು ಯಾಕೆ?

ಹೊಳೆ ದಿನವಿಡೀ ಅಪ್ಪನ ಸೊಂಟದ ಸುತ್ತ ಓಡಾಡುತ್ತಿದ್ದಳು. ಬಾಯಿಗೆ ಬಿಡುವೇ ಇಲ್ಲ. ಆ ಎಲೆ ಯಾಕೆ ತೇಲ್ತದೆ? ಈ ಕಪ್ಪೆ ಯಾಕೆ ನನ್ನನ್ನೇ ನೋಡ್ತದೆ? ಒಂದು ದಿನ ಕೇಳಿದಳು, "ಅಪ್ಪಾ, ಕೆಳಗೆ ಎಂತ ಇದೆ?"

"ಎಂತದೂ ಇಲ್ಲ," ಅಂದ ಗುಡ್ಡಪ್ಪ. ಅಪ್ಪಂದಿರು ಹೇಳುವುದೇ ಹಾಗೆ.

"ಹಾಗಾದರೆ ನೋಡಿಯೇ ಬರ್ತೇನೆ," ಅಂತ ಹೊರಟಳು.

ಹೋಗುವ ದಾರಿಯೆಲ್ಲ ಇಳಿಜಾರು. ಹೋಗುವವರಿಗೆ ಸುಖ, ಬರುವವರಿಗೆ ಕಷ್ಟ. ಹೊಳೆಗಂತೂ ಹತ್ತಲು ಬರುವುದಿಲ್ಲ. ಅವಳ ಮುಖ ಹೋಗಿ ಕಡಲು ಸೇರಿತು, ಉದ್ದ ಜಡೆ ಮಾತ್ರ ಹಿಂದೆ ಕಾಡಿನಲ್ಲಿ ಉಳಿಯಿತು. ಜಡೆ ಮಾತಾಡುತ್ತದೆಯೇ? ಗುಡ್ಡಪ್ಪ ಅದನ್ನು ದಿನಾ ಸವರುತ್ತಿದ್ದ. ಎಳೆದರೆ ಮಗಳಿಗೆ ನೋವಾಗುತ್ತದೆ ಅಂತ ಒಮ್ಮೆಯೂ ಎಳೆಯಲಿಲ್ಲ.

ಎಷ್ಟು ದಿನ ಅಂತ ಸವರುವುದು? ಒಂದು ಬೆಳಿಗ್ಗೆ ಎದ್ದು ಜಡೆಯ ಜಾಡು ಹಿಡಿದು ನಡೆದೇಬಿಟ್ಟ. ಮಗಳ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ತಲೆಯ ಮೇಲೆ ಒಂದು ನೇರಳೆ ಮರ, ಒಂದು ಮುರುಗಲು ಮರ ಹೊತ್ತುಕೊಂಡ. ಆ ಮರದಲ್ಲಿ ಗೂಡು ಕಟ್ಟಿದ್ದ ಹಕ್ಕಿಗಳು ದಾರಿಯುದ್ದ ಬೈದವು, "ಸ್ವಲ್ಪ ನಿಧಾನ ನಡಿ ಮಾರಾಯ, ಮೊಟ್ಟೆ ಉರುಳ್ತಾ ಇವೆ!"

ಕಡಲು ಕಂಡಿತು. ಗುಡ್ಡಪ್ಪ ಒಂದು ಕಾಲು ನೀರಿಗೆ ಇಟ್ಟದ್ದೇ ಇಟ್ಟದ್ದು, ಕಡಲು ಉಕ್ಕಿ ಮರಳು ದಾಟಿತು. ದಡದಲ್ಲಿ ಮೀನುಗಾರರ ಕೇರಿ ಇತ್ತು. ಒಣಗಲು ಹಾಕಿದ್ದ ಮೀನೆಲ್ಲ ಮತ್ತೆ ಈಜತೊಡಗಿತು.

ಕೇರಿಯ ಹಿರಿಯಳು ಮಾಸ್ತಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು. "ಹೋಯ್ ಗುಡ್ಡಣ್ಣ! ಕಣ್ಣು ಮನೆಯಲ್ಲಿಟ್ಟು ಬಂದೆಯಾ? ಇನ್ನೊಂದು ಹೆಜ್ಜೆ ಇಟ್ಟರೆ ನಮ್ಮ ಮಕ್ಕಳು ಮುಳುಗ್ತಾರೆ!"

"ನನ್ನ ಮಗಳು ಒಳಗಿದ್ದಾಳೆ ತಂಗಿ."

"ನಿನ್ನ ಮಗಳನ್ನು ನೋಡಲಿಕ್ಕೆ ನನ್ನ ಮೊಮ್ಮಕ್ಕಳನ್ನು ಮುಳುಗಿಸ್ತೀಯಾ?"

ಗುಡ್ಡಪ್ಪ ಕಾಲು ಹಿಂದೆ ತೆಗೆದ. ಅಲ್ಲೇ ನೀರಿನ ಅಂಚಿಗೆ, ಸರಿಯಾಗಿ ಅಂಚಿಗೆ, ಕುಳಿತುಬಿಟ್ಟ. ಕುಳಿತಲ್ಲಿಂದ ಕಡಲನ್ನೇ ಕೇಳಿದ, "ನನ್ನ ಮಗಳು ನಿನ್ನ ಮನೆಗೆ ಬಂದಿದ್ದಾಳೆ. ಸ್ವಲ್ಪ ಕರೀತೀಯಾ?"

"ದಿನಾ ಎಷ್ಟೋ ನೀರು ಬರ್ತದೆ. ನಿನ್ನವಳು ಹೇಗಿದ್ದಾಳೆ?" ಅಂದಿತು ಕಡಲು.

"ಸಿಹಿ ಇದ್ದಾಳೆ."

"ಬರುವಾಗ ಎಲ್ಲರೂ ಸಿಹಿಯೇ," ಅಂತ ಹೇಳಿ ಕಡಲು ತನ್ನ ಕೆಲಸಕ್ಕೆ ಹೋಯಿತು.

ಗುಡ್ಡಪ್ಪ ಕುಳಿತೇ ಇದ್ದ. ನೇರಳೆ ಹಣ್ಣಾಯಿತು, ಉದುರಿತು. ಮುರುಗಲು ಹಣ್ಣಾಯಿತು, ಉದುರಿತು. ನೋಡುವುದು ಬೇಡ, ಒಂದು ಸಲ ದನಿ ಕೇಳಿದರೆ ಸಾಕು ಅನ್ನುವಷ್ಟಕ್ಕೆ ಬಂದಿದ್ದ. ಆದರೆ ಕಡಲಿನದು ಒಂದೇ ಭೋರ್. ಅದರಲ್ಲಿ ಮಗಳ ದನಿ ಯಾವುದು, ಮಂದಿಯ ಮಗಳ ದನಿ ಯಾವುದು?

ಅಲ್ಲೊಂದು ಗಾಳಿ ಇತ್ತು. ಕೆಲಸವಿಲ್ಲದ ಗಾಳಿ. ಮೀನು ಕೊಯ್ಯುವವರ ಸೆರಗು ಹಾರಿಸುವುದು, ಮಲಗಿದ ನಾಯಿಯ ಮೂಗಿಗೆ ಮರಳು ಊದುವುದು, ಇಷ್ಟೇ ಅದರ ಉದ್ಯೋಗ. ಈ ಮುದುಕನನ್ನು ಸ್ವಲ್ಪ ಆಡಿಸೋಣ ಅಂತ ಅದಕ್ಕೆ ಅನಿಸಿತು. ಗುಡ್ಡಪ್ಪನ ಬೆನ್ನ ಹಿಂದೆ ಹೋಗಿ, ದನಿ ಸಣ್ಣ ಮಾಡಿ, ಆದರೆ ಅವನಿಗೆ ಕೇಳುವಷ್ಟು ಜೋರಾಗಿ ಕೂಗಿತು.

"ಅಪ್ಪಾ!"

ಗುಡ್ಡಪ್ಪ ನಡುಗಿದ. ತಲೆಯ ಮೇಲಿನ ಹಕ್ಕಿಗಳೆಲ್ಲ ಒಮ್ಮೆಗೇ ಹಾರಿದವು. "ಮಗಾ? ಹೊಳೆ? ಎಲ್ಲಿದ್ದೀಯ?"

"ಇಲ್ಲೇ ಅಪ್ಪಾ!" ಗಾಳಿ ನಗು ತಡೆಯಲಾರದೆ ತೆಂಗಿನ ಗರಿ ಕಚ್ಚಿಕೊಂಡಿತು.

"ಉಂಡೆಯಾ?"

"ಉಂಡೆ ಅಪ್ಪಾ!"

"ಚಿಕ್ಕವಳಿದ್ದಾಗ ನನ್ನ ಸೊಂಟದ ಹತ್ತಿರ ಒಂದು ಕಲ್ಲಿಗೆ ದಿನಾ ಎಡವ್ತಿದ್ದೆ. ನೆನಪಿದೆಯಾ?"

"ಇಲ್ಲದೆ ಏನು ಅಪ್ಪಾ! ಹೆಬ್ಬೆರಳೇ ಒಡೆದು ಹೋಗಿತ್ತು!"

ಹೊಳೆ ಎಂದಾದರೂ ಎಡವುತ್ತದೆಯೇ? ಕಲ್ಲು ಬಂದರೆ ಸುತ್ತಿಕೊಂಡು ಹೋಗುತ್ತದೆ.

"ಗಾಳಿಯೇ," ಅಂದ ಗುಡ್ಡಪ್ಪ.

ಗಾಳಿ ಓಡಿಹೋಗಲು ತಯಾರಾಗಿ ಒಂದು ಕಾಲು ಮುಂದಿಟ್ಟೇ ಹೇಳಿತು, "ಹೂಂ ಮಾವ."

"ಇನ್ನೊಂದು ಸಲ ಕರಿ."

"ಎಂತ?"

"ಅಪ್ಪಾ ಅಂತ. ನೀನೇ ಅಂತ ಗೊತ್ತು. ಆದರೂ ಒಂದು ಸಲ ಕರಿ."

ಗಾಳಿ ಬಾಯಿ ತೆರೆಯಿತು. ದನಿ ಬರಲಿಲ್ಲ. ಮತ್ತೆ ತೆರೆಯಿತು. ಬರಲಿಲ್ಲ. ಅವತ್ತು ಕಡಲ ತೀರದಲ್ಲಿ ಒಂದು ಎಲೆಯೂ ಅಲುಗಲಿಲ್ಲ. ಏನಾಯಿತು ಅಂತ ನಾಯಿಗಳೂ ಎದ್ದು ನೋಡಿದವು.

ಕೊನೆಗೆ ಗಾಳಿಯೇ ಮಾಸ್ತಕ್ಕನ ಹತ್ತಿರ ಹೋಯಿತು. "ಅಕ್ಕ, ನೀರಿನ ಒಳಗಿನ ಮಾತು ಕೇಳೋದು ಹೇಗೆ?"

"ಅದು ಯಾವ ಮಹಾ?" ಅಂದಳು ಮಾಸ್ತಕ್ಕ. "ನಮ್ಮನೆಯವರು ಮಾಡುವುದನ್ನು ನೋಡಲಿಲ್ಲವಾ? ದೋಣಿಯಿಂದ ಹುಟ್ಟು ಇಳಿಸ್ತಾರೆ. ಒಂದು ತುದಿ ನೀರಲ್ಲಿ, ಇನ್ನೊಂದು ತುದಿ ಕಿವಿಗೆ. ಕೆಳಗೆ ಮೀನಿನ ಹಿಂಡು ಗೊರಗೊರ ಅಂದರೆ ಮೇಲೆ ಕೇಳ್ತದೆ. ನಾನು ಬೈದದ್ದು ಮಾತ್ರ ಆ ಕಿವಿಗೆ ಕೇಳೋದಿಲ್ಲ."

ಗುಡ್ಡಪ್ಪನ ಕಾಲು ಹೇಗೂ ನೀರಿಗೆ ತಾಗಿಯೇ ಇತ್ತು. ಬೇಕಾದದ್ದು ಕಿವಿ.

"ನಾನು ಚುಚ್ಚಿ ಕೊಡ್ತೇನೆ ಮಾವ. ನೋವಾಗ್ತದೆ," ಅಂದಿತು ಗಾಳಿ.

"ಆಗಲಿ."

ಗಾಳಿ ಒಂದು ಮುಷ್ಟಿ ಮರಳು ತೆಗೆದುಕೊಂಡಿತು. ಕೂಸಿಗೆ ಕಿವಿ ಚುಚ್ಚುವಾಗ ಹೇಳುತ್ತಾರಲ್ಲ, ಹಾಗೇ ಹೇಳಿತು, "ಅಲ್ಲಿ ನೋಡು ಮಾವ, ಕಾಗೆ!" ಗುಡ್ಡಪ್ಪ ನೋಡಿದ. ಗಾಳಿ ಗರಗರ ತಿರುಗಿ ಕೊರೆಯಿತು. ಗುಡ್ಡಪ್ಪ ಬಾಯಿ ಬಿಡಲಿಲ್ಲ, ಆದರೆ ನೋವಿಗೆ ಅವನ ಕಪ್ಪು ಮೈಯೆಲ್ಲ ಕೆಂಪಾಯಿತು.

ಒಂದು ಕಿವಿ ಬಂತು. ಗುಡ್ಡಪ್ಪ ಉಸಿರು ಬಿಗಿಹಿಡಿದು ಕೇಳಿದ. ಮೊದಲು ಭೋರ್. ಭೋರಿನ ಕೆಳಗೆ ಬಂಗುಡೆ ಮೀನುಗಳ ಜಗಳ. ಅದರ ಕೆಳಗೆ ಚಿಪ್ಪೊಂದು ಬಾಗಿಲು ಹಾಕಿಕೊಂಡ ಸದ್ದು. ಅದಕ್ಕೂ ಕೆಳಗೆ, ಬಹಳ ಕೆಳಗೆ,

"ಅಪ್ಪಾ, ನೀನು..."

ಅಷ್ಟರಲ್ಲಿ ಅಲೆ ಬಂದು ಬಡಿಯಿತು.

"ಕೇಳಿತಾ?" ಗಾಳಿ ಕುಣಿಯಿತು.

"ಅವಳೇ! ನನ್ನ ಮಗಳೇ! ಅಪ್ಪಾ ನೀನು, ಅಂದಳು."

"ನೀನು ಎಂತ?"

"ಗೊತ್ತಿಲ್ಲ. ಅಲೆ ಬಂತು."

"ನೀನು ದಪ್ಪ ಆಗಿದ್ದೀಯ ಅಂದಿರಬೇಕು."

"ಇನ್ನೊಂದು ಕಿವಿ ಮಾಡು."

ಇನ್ನೊಂದು ಮಾಡಿತು. "ಅಪ್ಪಾ, ನೀನು..." ಮತ್ತೆ ಅಲೆ. ಇನ್ನೂ ಒಂದು ಮಾಡಿತು. "ಅಪ್ಪಾ, ನೀನು..." ಮತ್ತೆ ಅಲೆ. ಇಲ್ಲಿ ಕೇಳದಿದ್ದರೆ ಅಲ್ಲಿ ಕೇಳಬಹುದು, ಅಲ್ಲಿ ಕೇಳದಿದ್ದರೆ ಇಲ್ಲಿ. ಹೆಗಲಿಗೆ ಕಿವಿ, ಎದೆಗೆ ಕಿವಿ, ಮೊಣಕಾಲಿಗೆ ಕಿವಿ. ನೀನು ಬರ್ತೀಯಾ? ನೀನು ಉಂಡೆಯಾ? ನೀನು ಸುಳ್ಳು ಹೇಳಿದೆ, ಕೆಳಗೆ ಎಷ್ಟೊಂದು ಇದೆ! ಏನು ಬೇಕಾದರೂ ಇರಬಹುದಿತ್ತು.

ಮಾಸ್ತಕ್ಕ ಕೆಳಗಿನಿಂದ ಕೂಗಿದಳು, "ಸಾಕು ಗುಡ್ಡಣ್ಣ! ಮೈಯೆಲ್ಲ ಜರಡಿ ಆಯ್ತು. ಹೀಗೇ ಆದರೆ ಉದುರಿ ಹೋಗ್ತೀಯ!"

"ಇನ್ನೊಂದೇ ತಂಗಿ."

ಮಳೆಗಾಲ ಬಂತು. ಮಾಸ್ತಕ್ಕ ಹೇಳಿದ್ದು ಸುಳ್ಳಾಗಲಿಲ್ಲ. ಗುಡ್ಡಪ್ಪನ ಮೊಣಕಾಲಿನಿಂದ ಒಂದು ಚೂರು ಕಳಚಿ ದೊಪ್ಪೆಂದು ನೀರಿಗೆ ಬಿತ್ತು. ಕೇರಿಯವರು ಮಕ್ಕಳನ್ನು ಎತ್ತಿಕೊಂಡು ಮೇಲಕ್ಕೆ ಓಡಿದರು. ಮಾಸ್ತಕ್ಕ ಮಾತ್ರ ಮರಳಿನ ಮೇಲೆ ನಿಂತು ನೀರನ್ನೇ ನೋಡಿದಳು. ನೀರು ಬಂತು, ಅವಳ ಕಾಲ್ಬೆರಳು ಒದ್ದೆ ಮಾಡಿತು, ಹಿಂದೆ ಹೋಯಿತು.

"ತಂಗಿ, ಆ ಚೂರು ಎಲ್ಲಿಗೆ ಹೋಯ್ತು?"

"ಒಳಗೆ."

"ಕೇರಿ ಮುಳುಗಿತಾ?"

"ಇಲ್ಲ."

ಗುಡ್ಡಪ್ಪ ಚೂರು ಬಿದ್ದ ಜಾಗವನ್ನೇ ಬಗ್ಗಿ ನೋಡಿದ. ಅವನು ಏನು ಲೆಕ್ಕ ಹಾಕುತ್ತಿದ್ದಾನೆ ಅಂತ ಮಾಸ್ತಕ್ಕನಿಗೆ ಗೊತ್ತಾಯಿತು. ಅವಳೂ ಮಗಳನ್ನು ದೂರದ ಕೇರಿಗೆ ಕೊಟ್ಟವಳೇ. ಮೂಗು ಒರೆಸಿಕೊಂಡು, ಬೈಯುವ ದನಿಯಲ್ಲೇ ಹೇಳಿದಳು, "ಹೋಗು ಹಾಗಾದರೆ. ಆದರೆ ಒಮ್ಮೆಗೇ ಬೇಡ, ಚೂರು ಚೂರೇ ಹೋಗು. ದೋಣಿ ಇದೆಯಾ ಅಂತ ಮೊದಲು ಕೆಳಗೆ ನೋಡಿಕೋ."

"ಆಗಲಿ ತಂಗಿ," ಅಂದ ಗುಡ್ಡಪ್ಪ. ನಡೆಯುವುದನ್ನು ಅಂದೇ ಬಿಟ್ಟ. ಅವನಿಗೆ ಹೋಗಬೇಕಾದ ಊರು ಇನ್ನೊಂದಿರಲಿಲ್ಲ.

ಅದಕ್ಕೇ ಕಡಲಂಚಿನ ಕಲ್ಲು ಇವತ್ತಿಗೂ ಕೆಂಪು, ಇವತ್ತಿಗೂ ಮೈತುಂಬ ತೂತು. ಮಳೆಗಾಲದಲ್ಲಿ ಗುಡ್ಡದ ಅಂಚಿನಿಂದ ಒಂದು ಚೂರು ಕಳಚಿ ನೀರಿಗೆ ಬಿದ್ದದ್ದು ಕಂಡರೆ, ಅಪ್ಪ ಮತ್ತೆ ಸ್ವಲ್ಪ ಒಳಗೆ ಹೋದ, ಮಗಳ ಉಳಿದ ಮಾತು ಕೇಳಲಿಕ್ಕೆ ಅಂತ ತಿಳಿದುಕೊಳ್ಳಿ.