ಕಮ್ಮಾರನ ಕೆನ್ನೆಯ ಕಲೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ತೀರಿಕೊಂಡ ದೊಡ್ಡ ಗುರುಗಳ ಚರಿತ್ರೆ ಬರೆಯಲು ನನಗೆ ಹೇಳಿದ್ದೀರಿ. ಅವರ ಸಿಟ್ಟು ಊರಿಗೇ ಗೊತ್ತು. ಅದನ್ನು ಬಿಟ್ಟು ಬರೆದರೆ ತಪ್ಪಾದೀತೇ? ಓದುವವರಿಗೆ ಅವರ ಮೇಲೆ ಭಕ್ತಿ ಹುಟ್ಟಬೇಕಲ್ಲ."

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಅವನದು ಮೂರು ಕಾಲಿನ ಮೇಲೆ ನಿಲ್ಲುವ ದೊಡ್ಡ ಮರದ ಕ್ಯಾಮೆರಾ. ಅದಕ್ಕೊಂದು ಹಳೆಯ ಹಿತ್ತಾಳೆಯ ಲೆನ್ಸು. ಅದರ ಬಾಯಿ ಕಿರಿದು ಮಾಡಿದರೆ ಮುಖ ಇದ್ದ ಹಾಗೆ ಬರುತ್ತಿತ್ತು. ಪೂರ್ತಿ ತೆರೆದರೆ ಮುಖದ ಮೇಲೆ ತೆಳುವಾದ ಬೆಳಕು ಹರಡಿ ಸುಕ್ಕು, ಸಿಡುಬಿನ ಕುಳಿ ಎಲ್ಲ ಕರಗಿಹೋಗುತ್ತಿದ್ದವು. ಬಂದವರೆಲ್ಲ ತೆರೆದೇ ತೆಗೆಯಿರಿ ಎನ್ನುತ್ತಿದ್ದರು. ತಮ್ಮ ಮುಖ ತಮಗೇ ಬೇಡವಾದವರು ಲೋಕದಲ್ಲಿ ಬಹಳ. ಬರಬರುತ್ತ ಅವನು ಹೇಗೆ ತೆಗೆಯಲಿ ಎಂದು ಕೇಳುವುದನ್ನೇ ಬಿಟ್ಟ.

ಒಂದು ದಿನ ಒಬ್ಬ ಕಮ್ಮಾರ ಬಂದು ಕೂತ. ಕಾದ ಕಬ್ಬಿಣ ಸಿಡಿದು ಅವನ ಎಡಗೆನ್ನೆಯ ಮೇಲೆ ಉದ್ದಕ್ಕೆ ಸುಟ್ಟ ಕಲೆಯಿತ್ತು. ಫೋಟೋಗ್ರಾಫರನಿಗೆ ಕನಿಕರವಾಯಿತು. ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ಹಾಕಿ, ಅದರ ಹಿಂಬದಿಯ ಗಾಜಿನ ಮೇಲೆ ತಲೆಕೆಳಗಾಗಿ ಮೂಡಿದ ಮುಖ ನೋಡಿ, ಲೆನ್ಸನ್ನು ಪೂರ್ತಿ ತೆರೆದ. ಕಲೆ ಮಾಯವಾಯಿತು. ಉಪಕಾರ ಮಾಡಿದೆ ಎಂದುಕೊಂಡ.

ಆ ಮಳೆಗಾಲದಲ್ಲೇ ಕಮ್ಮಾರ ಜ್ವರ ಬಂದು ಸತ್ತ. ಮನೆಯಲ್ಲಿ ಉಳಿದದ್ದು ಆ ಒಂದೇ ಪಟ. ಕೆಲವು ದಿನಗಳ ಮೇಲೆ ಅವನ ಹೆಂಡತಿ ಪುಟ್ಟ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಪಟ ಹಿಡಿದು ಬಂದಳು. ಸೆರಗಿನಿಂದ ಒರೆಸಿ ಒರೆಸಿ ಅದರ ಗಾಜು ಹೊಳೆಯುತ್ತಿತ್ತು.

"ಅಣ್ಣಾ, ಎಷ್ಟು ಒರೆಸಿದ್ರೂ ಈ ಮಂಜು ಹೋಗ್ತಿಲ್ಲ. ನೀವೇ ತೆಗೆದುಕೊಡಿ. ಇವಳು ದಿನಾ ಅವರ ಕೆನ್ನೆ ಕಲೆ ಮೇಲೆ ಬೆರಳಿಟ್ಟೇ ಮಲಗ್ತಿದ್ಲು. ಈಗ ಪಟ ತೋರಿಸಿದ್ರೆ, ಇದು ಅಪ್ಪ ಅಲ್ಲ ಅಂತಾಳೆ."

"ಮಂಜು ಗಾಜಿನ ಮೇಲಿಲ್ಲ ತಾಯಿ. ಪಟ ತೆಗೆಯುವಾಗಲೇ ಬಂದದ್ದು. ಇನ್ನು ಅದು ಹೋಗೋದಿಲ್ಲ."

ಮಗು ಪಟದ ಕೆನ್ನೆಯ ಮೇಲೆ ಬೆರಳಾಡಿಸಿತು. ಹುಡುಕಿದ್ದು ಸಿಗದೆ ಕೈ ಹಿಂದಕ್ಕೆ ತೆಗೆದುಕೊಂಡಿತು. ತಾಯಿ ಪಟವನ್ನು ಅಲ್ಲೇ ಮೇಜಿನ ಮೇಲಿಟ್ಟು ಹೊರಟುಹೋದಳು. ಸಾವು ಒಮ್ಮೆ ಕಸಿದ ತಂದೆಯನ್ನು ಫೋಟೋಗ್ರಾಫರನ ಕನಿಕರ ಆ ಮಗುವಿನಿಂದ ಇನ್ನೊಮ್ಮೆ ಕಸಿದಿತ್ತು.

ಗುರುಗಳು ಕತೆ ನಿಲ್ಲಿಸಿದರು.

"ಆದರೂ ದೊಡ್ಡ ಗುರುಗಳ ಸಿಟ್ಟು..." ಎಂದು ಶಿಷ್ಯ ರಾಗ ಎಳೆದ.

ಗುರುಗಳು ತಮ್ಮ ಬಲಗಿವಿಯನ್ನು ಮುಟ್ಟಿಕೊಂಡು ಹೇಳಿದರು: "ಆ ಸಿಟ್ಟಿನಲ್ಲಿ ಅವರು ಹಿಂಡಿದ ಕಿವಿ ಇದು. ನೀನು ಬರೆದದ್ದನ್ನು ಓದಿ, ಇವರು ನನ್ನ ಗುರುಗಳಲ್ಲ ಎಂದು ನಾನು ಅನ್ನುವ ಹಾಗೆ ಮಾಡಬೇಡ."